ಶಾಲೆ, ಮಠ, ಬಸದಿ: ಕಟ್ಟಡದ ಮಾತು, ಕಲಿಕೆಯ ಮಾತು



ಮಠದ ಉತ್ಸವವೆಂದರೆ ಕಟ್ಟಡಕ್ಕೆ ಸುಣ್ಣ ಬಳಿಯುವುದು, ಕಲಶಕ್ಕೆ ಹೊಳಪು ಕೊಡುವುದು, ಮಹಾದ್ವಾರಕ್ಕೆ ತೋರಣ ಕಟ್ಟುವುದು ರೂಢಿಯಾಗಿದೆ. ಅದು ಯೋಗ್ಯವೇ ಸರಿ. ಆದರೆ ಈ ಕಟ್ಟಡಗಳಿಗೆ ಹಿರಿಯರು ಇಟ್ಟ ಹೆಸರುಗಳ ಅರ್ಥವನ್ನೂ ಇಂಥ ಸಮಯದಲ್ಲಿ ಒಮ್ಮೆ ವಿಚಾರಿಸುವುದು ಉಚಿತವು. ಕನ್ನಡದಲ್ಲಿ ವಿದ್ಯೆಗೆ ಸಂಬಂಧಿಸಿದ ಪದಗಳನೇಕವು ಮೊದಲು ಮನೆಗೆ, ಗೋಡೆಗೆ, ಕಂಬಕ್ಕೆ ಸಂಬಂಧಿಸಿದ ಪದಗಳಾಗಿದ್ದವು. ಅವು ಕಲ್ಲಿನಿಂದ ಕಲಿಕೆಯ ಕಡೆಗೆ ನಡೆದು ಬಂದ ದಾರಿಯನ್ನು ತಿಳಿದರೆ, ಮಠಕ್ಕೆ ಯಾವುದು ಮುಖ್ಯವೆಂಬುದೂ ತಾನಾಗಿ ತಿಳಿಯುತ್ತದೆ.

ಮೊದಲು 'ಶಾಲೆ' ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಸಂಸ್ಕೃತದಲ್ಲಿ ಇದಕ್ಕೆ ಮನೆ, ಕೊಟ್ಟಿಗೆ, ಚಪ್ಪರ ಎಂದೇ ಮೂಲಾರ್ಥವು. ಗೋವುಗಳು ಕಟ್ಟುವಲ್ಲಿ ಗೋಶಾಲೆ, ಅಡಿಗೆಯಾಗುವಲ್ಲಿ ಪಾಕಶಾಲೆ, ದಾರಿಕಾರರು ತಂಗುವಲ್ಲಿ ಧರ್ಮಶಾಲೆ, ನಾಣ್ಯ ಅಚ್ಚಾಗುವಲ್ಲಿ ಟಂಕಸಾಲೆ. ಈ ನಾಡಿನ ಹಳ್ಳಿಯ ಮನೆಗಳಲ್ಲಿ ಇಂದಿಗೂ ಪಡಸಾಲೆ ಇದ್ದೇ ಇರುತ್ತದೆ. ಯಾವ ಕೆಲಸವು ಅದರ ಕೆಳಗೆ ನಡೆಯುವುದೋ ಆ ಹೆಸರನ್ನು ಶಾಲೆಯು ಹೊರುತ್ತದೆ. ಪಾಠ ನಡೆದರೆ ಪಾಠಶಾಲೆ. ಪಾಠ ನಿಂತರೆ ಬರಿಯ ಶಾಲೆ, ಎಂದರೆ ಬರಿಯ ಚಪ್ಪರ. ಗದಗ, ಶಿರಹಟ್ಟಿ ಕಡೆಯ ಜನರ ಬಾಯಲ್ಲಿ ಇದು 'ಸಾಲಿ' ಎಂದಾಗಿದೆ. "ಎಷ್ಟು ಸಾಲಿ ಕಲಿತಾನ?" ಎಂದು ಒಬ್ಬ ಹುಡುಗನ ವಿಷಯವಾಗಿ ಕೇಳುವ ಮುದುಕಿಗೆ ಕಟ್ಟಡದ ವಿಚಾರವಿರುವುದಿಲ್ಲ, ಓದಿನ ವಿಚಾರವಿರುತ್ತದೆ. ಕೊಟ್ಟಿಗೆಯ ಹೆಸರು ಜ್ಞಾನದ ಹೆಸರಾದುದು ಪಂಡಿತರ ಕೋಶದಿಂದಲ್ಲ, ಜನರ ನಾಲಿಗೆಯಿಂದ.

ಒಂದು ಶಾಲೆಯು ಊರಿಗೇ ಹೆಸರು ಕೊಟ್ಟ ಉದಾಹರಣೆಯೂ ಉಂಟು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯು ಪೂರ್ವದಲ್ಲಿ ಪಾವಿಟ್ಟಗೆಯೆಂಬ ಅಗ್ರಹಾರವಾಗಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಶಾಲೆಯನ್ನು ಕಟ್ಟಿಸಿದನೆಂದು ಕ್ರಿ. ಶ. 945ರ ಶಾಸನವು ಹೇಳುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ವಾಸಕ್ಕೆಂದು 27 ನಿವೇಶನಗಳು ಬಿಡಲ್ಪಟ್ಟಿದ್ದವು. ಶಾಲೆಯ ಪಾವಿಟ್ಟಗೆಯೇ ಜನರ ಬಾಯಲ್ಲಿ ಸವೆದು ಸಾಲೋಟಗಿಯಾಯಿತು. ಶಾಲೆಯು ಹೋಯಿತು; ಅದರ ಹೆಸರನ್ನು ಊರು ಹೊತ್ತುಕೊಂಡು ನಿಂತಿತು.

ಶಿಲ್ಪಿಗಳ ಪರಿಭಾಷೆಯಲ್ಲಿ ಶಾಲೆಗೆ ಇನ್ನೊಂದು ಅರ್ಥವಿದೆ. ಗದಗಿನ ಸಮೀಪದ ಲಕ್ಕುಂಡಿಯಲ್ಲಿ ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆಯನ್ನು ಲಕ್ಷ್ಯವಿಟ್ಟು ನೋಡಿದರೆ, ದೊಡ್ಡ ಗುಡಿಯ ಮೈಮೇಲೆ ಸಣ್ಣ ಸಣ್ಣ ಗುಡಿಗಳ ರೂಪಗಳನ್ನು ಕಡೆದಿರುವುದು ಕಾಣುತ್ತದೆ. ಇಂಥ ರೂಪಗಳಲ್ಲಿ ಚೌಕನಾದುದಕ್ಕೆ 'ಕೂಟ'ವೆಂದೂ, ನೀಳವಾಗಿ ಬಂಡಿಯ ಕಮಾನಿನಂತೆ ಬಾಗಿದ ಮಾಳಿಗೆಯುಳ್ಳದ್ದಕ್ಕೆ 'ಶಾಲೆ'ಯೆಂದೂ ವಾಸ್ತುಶಾಸ್ತ್ರವು ಹೆಸರಿಡುತ್ತದೆ. ಹುಲ್ಲು ಬಿದಿರುಗಳ ಹಳೆಯ ಚಪ್ಪರದ ಆಕಾರವು ಹೀಗೆ ಕಲ್ಲಿನಲ್ಲಿ ಉಳಿಯಿತು. 'ಕೂಟ'ವೂ ಹಾಗೆಯೇ. ಸಂಸ್ಕೃತದಲ್ಲಿ ಅದು ಶಿಖರ; ಕನ್ನಡದಲ್ಲಿ 'ಕೂಡು' ಎಂಬುದರಿಂದ ಬಂದ ಕೂಟವು ಜನರ ಸಭೆ. ಗದುಗಿನ ತ್ರಿಕೂಟೇಶ್ವರನ ಹೆಸರನ್ನು ಕೇಳಿದ ಕನ್ನಡಿಗನ ಕಿವಿಗೆ ಶಿಖರವೂ ಸಭೆಯೂ ಒಟ್ಟಿಗೆ ಕೇಳಿಸುತ್ತವೆ.

'ಸೂತ್ರ'ವೆಂಬ ಪದವೂ ಎರಡು ಕಡೆ ದುಡಿಯುತ್ತದೆ. ಕಲ್ಲುಕುಟಿಗನಿಗೆ ಅದು ಅಳೆಯುವ ದಾರ. ವೈಯಾಕರಣನಿಗೆ ಕೆಲವೇ ಅಕ್ಷರಗಳಲ್ಲಿ ಬಹಳ ಅರ್ಥವನ್ನು ಹಿಡಿಯುವ ವಾಕ್ಯ. ಮುಂಡರಗಿ ತಾಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯು ನಕ್ಷತ್ರಾಕಾರವಾಗಿದೆ. ಒಂದೇ ಕೇಂದ್ರದ ಸುತ್ತ ಚೌಕವನ್ನು ತಿರುಗಿಸುತ್ತ ಹೋದರೆ ಅದರ ಮೂಲೆಗಳೆಲ್ಲ ಆ ನಕ್ಷತ್ರದ ಮೊನೆಗಳಾಗುತ್ತವೆ. ಒಂದು ಸಣ್ಣ ನಿಯಮದಿಂದ ದೊಡ್ಡ ಗುಡಿ ಹುಟ್ಟುವುದಕ್ಕೂ ಒಂದು ಸೂತ್ರದಿಂದ ಅನೇಕ ಪದಗಳು ಸಾಧಿಸುವುದಕ್ಕೂ ಭೇದವಿಲ್ಲ.

ಇನ್ನು ಮುಖ್ಯವಾದ ಮೂರು ಪದಗಳು: ಮಠ, ಬಸದಿ, ವಿಹಾರ. ಇವು ಮೂರು ಮತಗಳವು. ಮೂರಕ್ಕೂ ಈ ನಾಲ್ಕು ಊರುಗಳ ಸೀಮೆಯಲ್ಲಿಯೇ ಸಾಕ್ಷಿಯುಂಟು. ಬಸದಿಯು ಸಂಸ್ಕೃತದ 'ವಸತಿ'ಯ ತದ್ಭವ. ಪುಲಿಗೆರೆಯೆಂಬ ಲಕ್ಷ್ಮೇಶ್ವರದ ಶಂಖಬಸದಿಯೂ, ಅತ್ತಿಮಬ್ಬೆಯು 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವೂ ಈ ಹೆಸರಿನವು. ಜಿನಾಲಯವನ್ನು ಕಟ್ಟಿಸಿದ ಆ ಮಹಾದಾನಿಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಕಲ್ಲನ್ನೂ ಓಲೆಯನ್ನೂ ಅವಳು ಬೇರೆಯೆಂದು ಎಣಿಸಲಿಲ್ಲ. ಡಂಬಳದಲ್ಲಿ ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನು ಅಲ್ಲಿಯ 1095ರ ಶಾಸನವು ಹೇಳುತ್ತದೆ. ವಿಹಾರವೆಂದರೆ ಭಿಕ್ಷುಗಳ ವಾಸಸ್ಥಾನ. ಇಂದಿನ ಮಾತಿನಲ್ಲಿ ಅದು ತಿರುಗಾಟವಾಗಿದೆ. 'ಮಠ'ಕ್ಕೆ ಅಮರಸಿಂಹನ ಕೋಶವು ಕೊಡುವ ಅರ್ಥವಾದರೂ ಏನು? ಛಾತ್ರರು ಮೊದಲಾದವರು ವಾಸಿಸುವ ಮನೆಯೆಂದೇ. ಛಾತ್ರನೆಂದರೆ ವಿದ್ಯಾರ್ಥಿ. ಸ್ವಾಮಿಗಳ ಹೆಸರು ಅಲ್ಲಿ ಮೊದಲಿಗೆ ಬರುವುದಿಲ್ಲ, ಶಿಷ್ಯನ ಹೆಸರು ಬರುತ್ತದೆ! ಸರಕಾರಿ ಶಾಲೆಗಳು ಬರುವ ಮುನ್ನ ಕನ್ನಡ ನಾಡಿನ ಹಳ್ಳಿಗಳಲ್ಲಿ ಐಗಳು ನಡೆಯಿಸಿದ ಶಾಲೆಗೆ 'ಐಗಳ ಮಠ', 'ಕೂಲಿಮಠ' ಎಂದೇ ಹೆಸರಿದ್ದಿತು. ಅಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತ ಓನಾಮದಿಂದ ಆರಂಭಿಸುತ್ತಿದ್ದರು. ಆ ಓನಾಮವು 'ಓಂ ನಮಃ' ಎಂಬುದರ ರೂಪವಲ್ಲದೆ ಬೇರೆಯಲ್ಲ.

ಕಟ್ಟಡವನ್ನೂ ಕಲಿಕೆಯನ್ನೂ ಹಿರಿಯರು ಒಂದೇ ದಾನದಲ್ಲಿ ಕೂಡಿಸಿದ್ದಕ್ಕೆ ಗದುಗೇ ಪ್ರಮಾಣ. 1192ರಲ್ಲಿ ಹೊಯ್ಸಳ ವೀರಬಲ್ಲಾಳನು ತ್ರಿಕೂಟೇಶ್ವರನಿಗೆ ಹೊಂಬಾಳಲು ಗ್ರಾಮವನ್ನು ಬಿಟ್ಟುಕೊಟ್ಟು, ಅಲ್ಲಿಯ ಆಚಾರ್ಯರಾದ ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವರಿಗೆ ಧಾರೆಯೆರೆದನು. ದೇವರ ಅಂಗಭೋಗ ರಂಗಭೋಗಗಳಿಗೆ, ಒಡೆದು ಬಿದ್ದುದರ ಜೀರ್ಣೋದ್ಧಾರಕ್ಕೆ, ವಿದ್ಯಾದಾನಕ್ಕೆ, ತಪೋಧನರೇ ಮೊದಲಾದವರ ಭೋಜನಕ್ಕೆ ಎಂದು ಆ ದಾನದ ಉದ್ದೇಶಗಳು. ಬಿರಿದ ಕಲ್ಲು, ಓದುವ ಶಿಷ್ಯ, ಹಸಿದ ಹೊಟ್ಟೆ ಇವು ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ಹಸಿವಿನ ಮಾತು ಬಂದುದರಿಂದ ಇನ್ನೆರಡು ಪದಗಳನ್ನು ಹೇಳಲೇಬೇಕು. 'ಪ್ರಾಸಾದ'ವೆಂದರೆ ಅರಮನೆ, ದೇಗುಲ. 'ಪ್ರಸಾದ'ವೆಂದರೆ ಅನುಗ್ರಹ, ಅದರಿಂದ ಬಂದ ಅನ್ನ. ನಡುವೆ ಒಂದು ದೀರ್ಘದ ಅಂತರ ಮಾತ್ರ. ಲಿಂಗಾಯತ ಮಠಗಳು ಬಡ ವಿದ್ಯಾರ್ಥಿಗಳಿಗಾಗಿ ತೆರೆದ ಮನೆಗಳಿಗೆ 'ಪ್ರಾಸಾದ'ವೆನ್ನದೆ 'ಪ್ರಸಾದ ನಿಲಯ'ವೆಂದು ಹೆಸರಿಟ್ಟುದು ಎಷ್ಟು ಅರ್ಥವತ್ತಾಗಿದೆ! ಕಣಜದ ಜೋಳ ಮಠಕ್ಕೆ ಬಂದಿತು. ಅದನ್ನು ಉಂಡು ಓದಿದ ಹುಡುಗರು ಊರಿಗೆ ಉಪಾಧ್ಯಾಯರಾಗಿ ಮರಳಿದರು. ಮುಂಡರಗಿಯ ಮಠವು ಅನ್ನದಾನೀಶ್ವರನ ಹೆಸರಿನದು. ಅನ್ನವು ಆ ಹೆಸರಿನಲ್ಲಿಯೇ ಇದೆ. ವಿದ್ಯೆಯು ಅದರ ಹಿಂದೆ ಬಂದು ಪಂಕ್ತಿ ಹಿಡಿಯಿತು.

ಗೋಡೆಯಿಲ್ಲದ ಶಾಲೆಯು ಸಾಧ್ಯವೇ ಎಂದರೆ, ಗದುಗು ಅದಕ್ಕೂ ಉತ್ತರ ಕೊಟ್ಟಿದೆ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಅಂಧರೂ ಅನಾಥರೂ ಆದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸುತ್ತಲೇ ಸಂಗೀತ ಪಾಠವನ್ನು ನಡೆಸಿದರು. ಸ್ಥಾವರವಿಲ್ಲದ ಆ ಜಂಗಮಶಾಲೆಗೆ ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವೆಂಬ ಮನೆ ದೊರಕಿತು. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ ಪುಟ್ಟರಾಜ ಗವಾಯಿಗಳು 2010ರ ವರೆಗೆ ಅದನ್ನು ಬೆಳೆಯಿಸಿದರು. ಅಲ್ಲಿ ಮೊದಲು ವಿದ್ಯೆಯಿದ್ದಿತು, ಬಳಿಕ ಗೋಡೆ ಬಂದಿತು. ಕಟ್ಟಡದ ಅಂದವನ್ನು ಕಾಣಲಾರದ ಮಕ್ಕಳು ಶಾಲೆಯೆಂದರೇನೆಂಬುದನ್ನು ಕಣ್ಣಿದ್ದವರಿಗೆ ತೋರಿಸಿಕೊಟ್ಟರು.

ಸದ್ಭಕ್ತರೇ, ಡಂಬಳದಲ್ಲಿ ವಿಹಾರದ ಶಾಸನವಿದೆ, ಓದುವ ಭಿಕ್ಷುಗಳಿಲ್ಲ. ಸಾಲೋಟಗಿಯಲ್ಲಿ ಹೆಸರಿದೆ, ಆ 27 ನಿವೇಶನಗಳ ವಿದ್ಯಾರ್ಥಿಗಳಿಲ್ಲ. ಲಕ್ಕುಂಡಿಯ ಗೋಡೆಯ ಮೇಲೆ ಶಾಲೆಯಿದೆ, ಅದರೊಳಗೆ ಯಾರೂ ಕೂಡ್ರಲಾರರು. ಪದವು ತನ್ನ ಕೆಲಸವನ್ನು ಕಳೆದುಕೊಂಡರೆ ಹೀಗೆ ಕಲ್ಲಾಗಿ ನಿಲ್ಲುತ್ತದೆ. 'ಮಠ'ವೆಂಬ ಪದಕ್ಕೆ ಆ ಗತಿ ಬಾರದಂತೆ ಕಾಯುವ ಭಾರವು ಭಕ್ತರ ಮೇಲೆಯೂ ಶಿಷ್ಯರ ಮೇಲೆಯೂ ಇದೆ. ಕಾಣಿಕೆಯನ್ನು ಅರ್ಪಿಸುವಾಗ ಕಲಶಕ್ಕೆ ಇಷ್ಟೆಂದು ತೆಗೆದಿಟ್ಟವರು, ಪ್ರಸಾದ ನಿಲಯದ ಒಂದು ತಾಟಿಗೆ, ಒಬ್ಬ ಬಾಲಕಿಯ ಪುಸ್ತಕಕ್ಕೆ ಇಷ್ಟೆಂದು ಕೂಡಿಸಿದರೆ, ತ್ರಿಕೂಟೇಶ್ವರನ ಆ ಹಳೆಯ ದಾನಪತ್ರವು ಮತ್ತೊಮ್ಮೆ ಬರೆದಂತಾಗುವುದು. ಛಾತ್ರರು ಇರುವವರೆಗೆ ಮಠವು ಮಠವು. ಅವರ ದನಿಯು ಈ ಪ್ರಾಂಗಣದಲ್ಲಿ ಎಂದೆಂದಿಗೂ ನಿಲ್ಲದಿರಲಿ.