ಚೇಳಿನ ವಿಷ, ಮಗುವಿನ ಜೀವ
(ನೌಪಾಡಾದಲ್ಲಿ ನೀಡಿದ ಉಪನ್ಯಾಸದ ಪಾಠ)



ರಜೆ ಬಂತೆಂದರೆ ನೌಪಾಡಾ, ಡೊಂಬಿವಲಿಗಳ ನಮ್ಮ ಮಕ್ಕಳು ಊರಿನ ದಾರಿ ಹಿಡಿಯುತ್ತಾರೆ. ಹಂಚಿನ ಮನೆ, ಸೌದೆಯ ರಾಶಿ, ಕಲ್ಲಿನ ಪಾಗಾರ ಅವರಿಗೆ ಬೆರಗಿನ ಲೋಕ. ಆ ಸಂದುಗೊಂದುಗಳೇ ಚೇಳಿನ ನೆಲೆಯೂ ಹೌದು. ಕೊಂಕಣದಲ್ಲಿಯೂ ಕರ್ನಾಟಕದ ಹಲವೆಡೆಯೂ ಇರುವ ಕೆಂಪು ಚೇಳು ದೊಡ್ಡವರಿಗಿಂತ ಮಕ್ಕಳಿಗೆ ಹೆಚ್ಚು ಮಾರಕ. ವಿಷ ಅಷ್ಟೇ, ತಾಳಬೇಕಾದ ದೇಹ ಮಾತ್ರ ಚಿಕ್ಕದು.

ಈ ವಿಷವು ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಗೊಡದು. ಅಡ್ರಿನಲಿನ್‌ನಂಥ ರಾಸಾಯನಿಕಗಳು ರಕ್ತಕ್ಕೆ ಧುಮುಕುತ್ತವೆ. ವಾಂತಿ, ಧಾರಾಕಾರ ಬೆವರು, ಜೊಲ್ಲು, ತಣ್ಣಗಾದ ಕೈಕಾಲು ಮೊದಲ ಲಕ್ಷಣಗಳು. ಅನಂತರ ರಕ್ತನಾಳಗಳು ಬಿಗಿದು, ಹೃದಯ ಸೋತು, ಪುಪ್ಪುಸಗಳಲ್ಲಿ ನೀರು ತುಂಬುತ್ತದೆ. ಕುಟುಕಿದ ಜಾಗದ ನೋವು ಅಪಾಯದ ಅಳತೆಗೋಲಲ್ಲ. ಬಹುಪಾಲು ಕಡಿತಗಳು ತಾವಾಗಿಯೇ ಶಮನಗೊಳ್ಳುವುದರಿಂದ ಮಂತ್ರವಾದಿಗೆ ಕೀರ್ತಿ ದಕ್ಕುತ್ತದೆ. ಉಳಿದ ಮಕ್ಕಳಿಗೆ ಆ ಕೀರ್ತಿಯೇ ಮೃತ್ಯುವಾಗುತ್ತದೆ.

ನಾವು ಕರಾವಳಿಗೆ ಹೋಗುವ ಹೆದ್ದಾರಿಯಲ್ಲಿ ರಾಯಗಡ ಜಿಲ್ಲೆಯ ಮಹಾಡ ಸಿಗುತ್ತದೆ. ಅದರ ಸಮೀಪದ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1976ರಲ್ಲಿ ಬಂದ ತರುಣ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್, ರೋಗಿಗಳ ಹಾಸಿಗೆಯ ಪಕ್ಕದಲ್ಲಿಯೇ ಕುಳಿತು ಲಕ್ಷಣಗಳನ್ನು ಬರೆದಿಟ್ಟರು. 1982ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅವರ ಬರಹವನ್ನು ಪ್ರಕಟಿಸಿತು. ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಬಿಗಿದ ರಕ್ತನಾಳಗಳನ್ನು ಸಡಿಲಿಸಬಲ್ಲದೆಂದು ಅವರು ತೋರಿಸಿದರು. ತೀವ್ರ ವಿಷಬಾಧೆಯಲ್ಲಿ ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು ಕ್ರಮೇಣ 1ರ ಆಸುಪಾಸಿಗೆ ಇಳಿಯಿತು. ಪ್ರತಿವಿಷವನ್ನೂ ಕೂಡಿಸಿ ಕೊಟ್ಟರೆ ಚೇತರಿಕೆ ಇನ್ನೂ ಬೇಗ ಎಂಬುದನ್ನು 2011ರ ಅವರ ಅಧ್ಯಯನ ತೋರಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆಸ್ಪತ್ರೆಯಲ್ಲಿ ಮಾತ್ರೆಯ ಪ್ರಮಾಣವನ್ನು ಮಗುವಿನ ತೂಕದ ಪ್ರತಿ ಕಿಲೋಗ್ರಾಂಗೆ 30 ಮೈಕ್ರೋಗ್ರಾಂನಂತೆ ಲೆಕ್ಕಹಾಕಿ, ಕೈಕಾಲು ಬೆಚ್ಚಗಾಗುವವರೆಗೆ ಮೂರು ತಾಸಿಗೊಮ್ಮೆ ಕೊಡುತ್ತಾರೆ. ಒತ್ತಡ ಥಟ್ಟನೆ ಇಳಿಯಬಹುದಾದ್ದರಿಂದ ಮಗುವನ್ನು ಎಬ್ಬಿಸಿ ಕೂರಿಸಬಾರದು, ಎತ್ತಿ ಆಡಿಸಬಾರದು. ಇದು ವೈದ್ಯರ ಕೈಯ ಕೆಲಸ, ಮನೆಯ ಮದ್ದಲ್ಲ. ನಮ್ಮ ಕೆಲಸ ಒಂದೇ: ಕೊಯ್ಯದೆ, ಬಿಗಿದು ಕಟ್ಟದೆ, ಕಾಯದೆ ಮಗುವನ್ನು ಆಸ್ಪತ್ರೆಗೆ ಒಯ್ಯುವುದು. ಹೊರನಾಡಿನಲ್ಲಿ 'ಚೇಳು' ಎಂದರೆ ವೈದ್ಯರಿಗೆ ತಿಳಿಯದೆ ಹೋದೀತು. 'ವಿಂಚು' ಎಂಬ ಮರಾಠಿ ಮಾತು ನಮ್ಮ ಪ್ರತಿ ಮನೆಯಲ್ಲಿಯೂ ಗೊತ್ತಿರಲಿ.

ಮಹಾಡ ನಮಗೆ ಅಪರಿಚಿತ ಹೆಸರಲ್ಲ. 1927ರಲ್ಲಿ ಅಂಬೇಡ್ಕರರು ಸಾರ್ವಜನಿಕ ಕೆರೆಯ ನೀರು ಎಲ್ಲರ ಹಕ್ಕೆಂದು ಸಾರಿದ ಊರು ಅದು. ಕಂಡುಹಿಡಿದ ಮದ್ದು ಕೂಡ ಅಂಥದೇ ಹಕ್ಕು. ಊರಿಗೆ ಹೋದಾಗ ಗುಡಿಯ ಜೀರ್ಣೋದ್ಧಾರಕ್ಕೆ ವಂತಿಗೆ ಕೊಡುವ ನಾವು, ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆಯೂ ಪ್ರತಿವಿಷವೂ ಇವೆಯೇ ಎಂದು ಒಮ್ಮೆ ವಿಚಾರಿಸೋಣ. ಇಲ್ಲವಾದರೆ, ಬರುವವರೆಗೂ ಕೇಳುತ್ತಿರೋಣ.