ಅಡುಗೆಮನೆಯ ಚರಿತ್ರೆ



ಐತಿಹಾಸಿಕ ಕಾದಂಬರಿಯೆಂದೊಡನೆ ಕೋಟೆಕೊತ್ತಲಗಳೂ ರಾಜಸಭೆಗಳೂ ನಮ್ಮ ಕಣ್ಣೆದುರು ನಿಲ್ಲುತ್ತವೆ. ಅಡುಗೆಮನೆಗೂ ಒಂದು ಚರಿತ್ರೆಯುಂಟು. ಅದನ್ನು ಬರೆದಿಟ್ಟವರು ವಿರಳ.

ಅಮೆರಿಕದ ಲೇಖಕಿ ಕ್ಯಾಥ್ರಿನ್ ಸ್ಟಾಕೆಟ್ ಅವರು 2009ರಲ್ಲಿ ಪ್ರಕಟಿಸಿದ ‘ದಿ ಹೆಲ್ಪ್’ ಎಂಬ ಕಾದಂಬರಿಯ ಕಥೆ ನಡೆಯುವುದು ಮಿಸಿಸಿಪಿ ರಾಜ್ಯದ ಜ್ಯಾಕ್‌ಸನ್ ನಗರದಲ್ಲಿ, 1962ರಿಂದೀಚೆಗೆ. ಬಿಳಿಯರ ಶಾಲೆ, ನೀರಿನ ನಲ್ಲಿ ಬೇರೆ; ಕರಿಯರವು ಬೇರೆ. ಇಷ್ಟನ್ನು ಚರಿತ್ರೆಯ ಗ್ರಂಥವೂ ಹೇಳೀತು. ಆದರೆ ಒಂದೇ ಸೂರಿನಡಿ ಈ ಗೆರೆಯನ್ನು ಎಳೆಯುವುದೆಂತು? ಐಬಿಲೀನ್ ಎಂಬ ಕರಿಯ ಮನೆಗೆಲಸದಾಕೆ ಒಡತಿಯ ಮಗುವನ್ನು ಎತ್ತಿ ಆಡಿಸುತ್ತಾಳೆ, ಉಣಿಸುತ್ತಾಳೆ, ಮಲಗಿಸುತ್ತಾಳೆ. ಆಕೆಯ ಕೈಯಡುಗೆ ಮನೆಮಂದಿಗೆಲ್ಲ ಬೇಕು. ಆದರೆ ಆಕೆಯಿಂದ ರೋಗ ತಗುಲೀತೆಂದು ಮೋಟಾರು ನಿಲ್ಲಿಸುವೆಡೆಯಲ್ಲಿ ಆಕೆಗೆ ಪ್ರತ್ಯೇಕ ಪಾಯಿಖಾನೆ! ಕೈ ಬೇಕು, ಮೈ ಬೇಡ. ಹಿತ್ತಿಲ ಗೋಡೆಯ ಮೇಲೆ ಬೇರೆಯಾಗಿಟ್ಟ ಲೋಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಶಾಸನವೂ ಆಕೆಯ ನೆರವಿಗೆ ಬರಲಿಲ್ಲ. 1935ರ ಸಾಮಾಜಿಕ ಭದ್ರತಾ ಕಾಯಿದೆ ಮನೆಗೆಲಸದವರನ್ನು ಹೊರಗಿಟ್ಟಿತು. ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿದ 1938ರ ಕಾಯಿದೆಯ ರಕ್ಷಣೆ ಅವರಿಗೆ ದೊರೆತದ್ದು 1974ರಲ್ಲಿ. ಆದುದರಿಂದ ಒಡತಿಯ ಒಂದು ಸಿಟ್ಟಿನ ಮಾತಿಗೆ ಅನ್ನವೇ ಹೋಗುತ್ತಿತ್ತು. ಈ ಅಂಜಿಕೆಯನ್ನು ಕಾದಂಬರಿ ನಮ್ಮ ಎದೆಗೆ ಮುಟ್ಟಿಸುತ್ತದೆ. ಅದರ ದೊಡ್ಡ ಉಪಕಾರ ಇದೇ.

ಹಾಗೆಂದು ಅದು ಪೂರ್ಣಸತ್ಯವೆಂದು ನಾವು ಹೇಳೆವು. ಇಲ್ಲಿ ಕೆಲಸದಾಕೆಯರ ಕಥೆಗಳನ್ನು ಕಲೆಹಾಕಿ ಪುಸ್ತಕವಾಗಿಸಲು ಒಬ್ಬ ಬಿಳಿಯ ತರುಣಿಯೇ ಮುಂದಾಗಬೇಕಾಯಿತು. 2011ರಲ್ಲಿ ಇದು ಚಲನಚಿತ್ರವಾಗಿ ಬಂದಾಗ ಕರಿಯ ಮಹಿಳಾ ಚರಿತ್ರಕಾರರ ಸಂಘವು ಬಹಿರಂಗವಾಗಿ ಆಕ್ಷೇಪಿಸಿತು: ಆ ಸ್ತ್ರೀಯರ ಸ್ವಂತ ಹೋರಾಟ ಇದರಲ್ಲಿ ಮರೆಯಾಗಿದೆ, ಒಡೆಯರಿಂದ ಅವರು ಅನುಭವಿಸಿದ ಮಾನಭಂಗದ ಮಾತೇ ಇಲ್ಲ ಎಂದು. ಆಕ್ಷೇಪ ನ್ಯಾಯವಾದುದೇ.

ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರಿನಿಂದ 381 ದಿನ ನಡೆದ ಬಸ್ಸು ಬಹಿಷ್ಕಾರವನ್ನು ನೆನೆಯಿರಿ. ದಿನವೂ ನಡೆದೇ ಕೆಲಸಕ್ಕೆ ಹೋದವರಲ್ಲಿ ಮನೆಗೆಲಸದ ಹೆಂಗಸರು ಅಸಂಖ್ಯ. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಇತರ ಸ್ತ್ರೀಯರನ್ನು ಕೂಡಿಸಿಕೊಂಡು, ಊಟ ತಿಂಡಿ ಮಾಡಿ ಮಾರಿ, ಬಂದ ಹಣವನ್ನು ಚಳವಳಿಗೆ ಒಪ್ಪಿಸಿದರು. ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ ಮೇಲೆ ಅವರ ಕೆಲಸ ಹೋಯಿತು. ಆಮೇಲೆ ಅವರು ತಮ್ಮ ಮನೆಯಲ್ಲಿಯೇ ಒಲೆ ಹೂಡಿದರು. ಮಾರ್ಟಿನ್ ಲೂಥರ್ ಕಿಂಗರೂ ಅಲ್ಲಿಗೆ ಊಟಕ್ಕೆ ಬರುತ್ತಿದ್ದರು.