ಮನೆಯಲ್ಲಿದ್ದು ದುಡಿಯುವ ತಾಯಂದಿರಿಗೆ ಎರಡು ಮಾತು

(ಕನಕಗಿರಿ ಭಾಗದ ಮಹಿಳಾ ಹಾಲು ಉತ್ಪಾದಕರ ಶಿಬಿರದಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣ)

ಕೂಸನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಿರುವ ತಾಯಂದಿರೇ,

"ಮನೆಯಲ್ಲೇ ಇರುತ್ತೀಯಲ್ಲ, ಏನಾದರೂ ಮಾಡಬಾರದೇ?" ಈ ಮಾತನ್ನು ಕೇಳದವರು ನಿಮ್ಮಲ್ಲಿ ಯಾರಿದ್ದೀರಿ? ನಾನೂ ಕೇಳಿದೆ. ಆಗ ನನಗೆ ಎರಡು ಮಕ್ಕಳು, ಚಿಕ್ಕದಕ್ಕೆ ವರ್ಷ ತುಂಬಿರಲಿಲ್ಲ. ಕೂಲಿಗೆ ಹೋಗುವಂತಿಲ್ಲ, ಕೈಕಟ್ಟಿ ಕೂರುವಂತೆಯೂ ಇಲ್ಲ.

ಮೊದಲು ಕಂತಿನ ಮೇಲೆ ಹೊಲಿಗೆ ಯಂತ್ರ ತಂದೆ. ಕೆಲಸಕ್ಕೇನೂ ಕೊರತೆಯಿರಲಿಲ್ಲ, ಕೊರತೆ ರೊಕ್ಕಕ್ಕೆ. ಗಿರಾಕಿಗಳೆಲ್ಲ ನಮ್ಮ ಓಣಿಯವರೇ. "ಸುಗ್ಗಿ ಆಗಲಿ ತಂಗಿ, ಕೊಡ್ತೀನಿ" ಎಂದರೆ ಇಲ್ಲವೆನ್ನುವುದು ಹೇಗೆ? ಅವರ ಮನೆಯ ಮಜ್ಜಿಗೆ ನಾವು ಕುಡಿದಿದ್ದೇವೆ. ಎರಡು ಸುಗ್ಗಿ ಕಳೆದರೂ ಉದ್ರಿ ತೀರಲಿಲ್ಲ, ಕಂತು ಮಾತ್ರ ತಿಂಗಳು ತಿಂಗಳು ಬಂತು.

ಆಮೇಲೆ ಶಾವಿಗೆ, ಹಪ್ಪಳ. ಫಾಲ್ಗುಣದಲ್ಲಿ ಕನಕಾಚಲಪತಿ ಜಾತ್ರೆಗೆ ಜನ ಸೇರಿದಾಗ ಚೆನ್ನಾಗಿ ಹೋದವು. ಮಳೆಗಾಲಕ್ಕೆ ಬಿಸಿಲೂ ಇಲ್ಲ, ಗಿರಾಕಿಯೂ ಇಲ್ಲ. ಉಳಿದದ್ದನ್ನು ನಾವೇ ತಿಂದೆವು. ಕೊನೆಗೆ ಒಂದು ಖಾನಾವಳಿಗೆ ದಿನಕ್ಕೆ ಐವತ್ತು ಜೋಳದ ರೊಟ್ಟಿ ಒಪ್ಪಿಕೊಂಡೆ. ಮಗುವಿಗೆ ಜ್ವರ ಬಂದು ಎರಡು ದಿನ ತಪ್ಪಿತು, ಮೂರನೆಯ ದಿನ ಬೇರೆ ಮನೆಯ ರೊಟ್ಟಿ ಹೋಯಿತು. ಅವರ ತಪ್ಪಲ್ಲ, ಅವರಿಗೂ ಉಣ್ಣುವವರು ಕಾದಿರುತ್ತಾರೆ.

ಮಾಡಲು ಬಾರದೆ ನಾನು ಸೋತೆನೇ? ನನ್ನ ರೊಟ್ಟಿ ಇಂದಿಗೂ ಉಬ್ಬುತ್ತದೆ! ಸೋತದ್ದು ಮಾರುವಲ್ಲಿ. ಮಾಡುವುದಕ್ಕೆ ಮನೆ ಸಾಕು, ಮಾರುವುದಕ್ಕೆ ಹೊಸ್ತಿಲು ದಾಟಬೇಕು. ತೊಟ್ಟಿಲು ಬಿಟ್ಟು ಎಷ್ಟು ದೂರ ಹೋದೇವು?

1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡತೊಡಗಿದರು. ಅದೇ ಮುಂದೆ ಲಿಜ್ಜತ್ ಪಾಪಡ್ ಆಯಿತು. ಕೇಂದ್ರದಿಂದ ಹಿಟ್ಟು ಒಯ್ಯುವುದು, ಮನೆಯಲ್ಲಿ ಲಟ್ಟಿಸುವುದು, ಒಣಗಿಸಿ ತಂದೊಪ್ಪಿಸಿ ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವುದು. ಲಟ್ಟಿಸಿದವಳು ಬುಟ್ಟಿ ಹೊತ್ತು ಬೀದಿ ತಿರುಗಬೇಕಿಲ್ಲ. ನಮ್ಮ ಜಿಲ್ಲೆಯ ಭಾಗ್ಯನಗರದಲ್ಲೂ ಹೆಂಗಸರು ಮನೆಯಲ್ಲೇ ಕುಳಿತು ಕೂದಲು ಬಿಡಿಸುತ್ತಾರೆ. ಆದರೆ ಕೂಲಿಯ ದರ ಹೇಳುವವನು ವ್ಯಾಪಾರಿ. ಲಿಜ್ಜತ್‌ನಲ್ಲಿ ಲಟ್ಟಿಸುವವರೇ ಒಡತಿಯರು. ಮನೆಗೆಲಸ ಹುಡುಕುವಾಗ ಈ ಅಂತರವನ್ನು ನೀವು ಮೊದಲು ನೋಡಬೇಕು.

ನಮ್ಮ ಹಾಲಿನ ಸಂಘ ಎರಡನೆಯ ಬಗೆಯದು. ಅಳತೆ ಕಣ್ಣೆದುರು, ಜಿಡ್ಡಿನ ಪರೀಕ್ಷೆ ಉಂಟು, ಉದ್ರಿಯ ಮಾತಿಲ್ಲ. ಬಟವಾಡೆಯ ದಿನ ಗೊತ್ತಿರುತ್ತದೆ.

ಹಾಗೆಂದು ಎಮ್ಮೆ ಕಟ್ಟಿದೊಡನೆ ಲಾಭವೆಂದು ನಾನು ಹೇಳಲಾರೆ. ಮೊದಲ ಬಟವಾಡೆ ಎಣಿಸಿ ನಾನೂ ಹಿಗ್ಗಿದ್ದೆ, ಮೇವಿನ ಲೆಕ್ಕ ಹಾಕಿರಲಿಲ್ಲ. ಎಮ್ಮೆಯ ಮೈ ನಿಲ್ಲಲು ದಿನಕ್ಕೆ ಸುಮಾರು 2 ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ ಅರ್ಧ ಕಿಲೋ. 6 ಲೀಟರ್ ಕೊಡುವ ಎಮ್ಮೆಗೆ 5 ಕಿಲೋ ಆಯಿತು. ಹಸುವಿಗಾದರೆ ಲೀಟರಿಗೆ 400 ಗ್ರಾಂ. ಈಯುವ ಮುಂಚಿನ ಎರಡು ತಿಂಗಳು ಹಾಲು ಬತ್ತಿಸಬೇಕು. ಆಗ ಬಟವಾಡೆ ಇಲ್ಲ, ಮೇವು ಮಾತ್ರ ಇದ್ದೇ ಇದೆ. ಆ ದಿನಗಳಿಗೆಂದು ಪ್ರತಿ ಬಟವಾಡೆಯಲ್ಲೂ ಒಂದಿಷ್ಟು ತೆಗೆದಿಡಿ. ನಮ್ಮದು ಒಣ ಸೀಮೆ. ಜೋಳದ ಕಣಿಕೆ, ಶೇಂಗಾ ಹೊಟ್ಟು ಸುಗ್ಗಿಯಲ್ಲೇ ಕೂಡಿಸಿಕೊಳ್ಳಿ. ಗಂಗಾವತಿ ಕಾಲುವೆ ಕಡೆಯಿಂದ ಭತ್ತದ ಹುಲ್ಲು ತರಿಸುವುದಾದರೆ ಕೊಯ್ಲಿನ ಕಾಲಕ್ಕೇ ತರಿಸಿ. ಬರೀ ಅದನ್ನೇ ನೆಚ್ಚಬೇಡಿ, ಅದು ಹೊಟ್ಟೆ ತುಂಬಿಸೀತು, ಕೆಚ್ಚಲು ತುಂಬಿಸದು. ಇನ್ನು ಕರೆಯಲು ಕುಳಿತ ಗಳಿಗೆಯಲ್ಲೇ ಕೂಸು ಎದ್ದು ಅಳುವುದು, ಇದಕ್ಕೆ ಯಾವ ಡಾಕ್ಟರರೂ ಮದ್ದು ಕೊಡಲಾರರು. ನನಗೆ ನಮ್ಮ ಅತ್ತೆಯವರಿದ್ದರು. ನಿಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರು ಎತ್ತಿಕೊಳ್ಳುತ್ತಾರೆ ಎಂಬುದನ್ನು ಎಮ್ಮೆ ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನೊಂದು ಮಾತಿದೆ. ಇದಕ್ಕಾಗಿಯೇ ನಾನು ಇಲ್ಲಿ ಬಂದು ನಿಂತದ್ದು. ಮೇವು ಹಾಕುವವಳು, ಕರೆಯುವವಳು, ಕ್ಯಾನು ಹೊತ್ತು ಸಂಘಕ್ಕೆ ನಡೆಯುವವಳು ನಾನು. ಪುಸ್ತಕದಲ್ಲಿ ಹೆಸರು ಮಾತ್ರ ನಮ್ಮ ಯಜಮಾನರದು. ಒಮ್ಮೆ ಸಭೆಯಲ್ಲಿ ಎಮ್ಮೆಗೆ ಗರ್ಭ ನಿಲ್ಲದ ತೊಂದರೆ ಕೇಳಬೇಕೆಂದು ಎದ್ದೆ. "ಸದಸ್ಯರು ಮಾತ್ರ ಮಾತಾಡಬೇಕಮ್ಮ" ಎಂದರು. ಕುಳಿತೆ. ಸೆಗಣಿ ಬಾಚಿ ಬಾಚಿ ಗಟ್ಟಿಯಾದ ಈ ಕೈಯನ್ನು ಅಂದು ಸೆರಗಿನೊಳಗೆ ಮುಚ್ಚಿಕೊಂಡೆ.

ರಾತ್ರಿ ಮನೆಯವರಿಗೆ ಹೇಳಿದೆ. "ಹೆಸರು ಯಾರದಾದರೇನು, ಎಲ್ಲ ಒಂದೇ ಅಲ್ಲವೇ?" ಎಂದರು. "ಒಂದೇ ಆದರೆ ನನ್ನದೇ ಇರಲಿ ಬಿಡ್ರಿ" ಎಂದೆ. ನಕ್ಕರು, ಮರುದಿನ ತಾವೇ ಅರ್ಜಿ ತಂದರು.

ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆ 1986-87ರಲ್ಲಿ ಆರಂಭವಾಯಿತು. ಅದರ ನೆರವಿನಿಂದ ನಮ್ಮ ರಾಜ್ಯದಲ್ಲೂ ಮಹಿಳಾ ಹಾಲು ಸಂಘಗಳು ಎದ್ದವು. ರಾಜ್ಯ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಮುಂದೆ 5 ರೂಪಾಯಿ ಆಯಿತು. ಅದು ಜಮೆಯಾಗುವುದು ಪುಸ್ತಕದಲ್ಲಿ ಹೆಸರಿದ್ದವರ ಬ್ಯಾಂಕ್ ಖಾತೆಗೆ. ಬೈಲಾದಲ್ಲಿ ಹೇಳಿದಷ್ಟು ದಿನ ಹಾಲು ಹಾಕಿದರೆ ಮತದಾನದ ಹಕ್ಕೂ ಆ ಹೆಸರಿಗೇ.

ಅರ್ಜಿ ನಮೂನೆ ನಿಮ್ಮ ಕಾರ್ಯದರ್ಶಿಗಳ ಹತ್ತಿರವೇ ಇರುತ್ತದೆ. ಷೇರು ಹಣ ಎಷ್ಟೆಂದು ಕೇಳಿ, ಬ್ಯಾಂಕ್ ಪಾಸ್‌ಬುಕ್ಕು, ಫೋಟೋ ಒಯ್ಯಿರಿ. ಇಂದು ಸಂಜೆ ಹಾಲು ಹಾಕಲು ಹೋದಾಗಲೇ ಕೇಳಿದರೆ ಇನ್ನೂ ಒಳ್ಳೆಯದು. ಹೊತ್ತಾಯಿತು, ನನ್ನ ಎಮ್ಮೆ ಕರೆಯುವ ವೇಳೆ.